ಕಾಫಿ ಕಣದಲ್ಲಿ ಜೆಸ್ಚರ್ ಡ್ರಾಯಿಂಗ್: ನನ್ನ ಅನುಭವ

ಮಡಿಕೇರಿಯಲ್ಲಿ ಶನಿವಾರ, ಭಾನುವಾರ ಹೊಸಬರಿಗೆ ಡ್ರಾಯಿಂಗ್ ಕ್ಲಾಸ್ ನಡೆಸುತ್ತೇನೆ. ಶಾಲೆ ಮಕ್ಕಳಿಂದ ಹಿಡಿದು ರಿಟೈರ್ ಆದವರವರೆಗೆ ಎಲ್ಲರೂ ಬರುತ್ತಾರೆ. ಮೊದಲ ತಿಂಗಳು ಪೂರ್ತಿ ಜೆಸ್ಚರ್ ಡ್ರಾಯಿಂಗ್ (ಮೈಯ ಭಂಗಿ, ಚಲನೆಯನ್ನು ಕೆಲವೇ ಗೆರೆಗಳಲ್ಲಿ ಬೇಗ ಹಿಡಿಯುವುದು) ಅಂದಾಗ ಮೈಸೂರಿನ ಸ್ನೇಹಿತರೊಬ್ಬರು, ಅವರೂ ಡ್ರಾಯಿಂಗ್ ಮೇಷ್ಟ್ರೇ, "ಮೊದಲು ಡಬ್ಬ, ಸಿಲಿಂಡರ್ ಬರೆಸು ಮಾರಾಯ, ಇಲ್ಲದಿದ್ರೆ ಒಬ್ಬರೂ ಉಳಿಯಲ್ಲ" ಎಂದಿದ್ದರು. ಪೋಷಕರು ಇನ್ನೂ ನೇರ. "ಇದೆಂಥ ಸರ್, ಕಾಗೆ ಕಾಲು ಗುಬ್ಬಿ ಕಾಲು? ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ಇದು ಬರ್ತದಾ?" ಹಾಗೆ ಕೇಳಿದವರೇ ಈ ವರ್ಷ ಎರಡನೇ ಮಗಳನ್ನೂ ಸೇರಿಸಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ದುಡ್ಡು ಹೋದ ಕಥೆ ಮೊದಲು. ಕಾಲೇಜು ಹುಡುಗನೊಬ್ಬನಿಗೆ ಗಂಟೆಗೆ 300 ರೂಪಾಯಿ ಕೊಟ್ಟು ಮಾಡೆಲ್ ಆಗಿ ನಿಲ್ಲಿಸಿದೆ. ಪಾಪ, ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಲ್ಲುತ್ತಿದ್ದ. ಕೈ ಎತ್ತು ಅಂದರೆ ಕೈ ಮಾತ್ರ ಎತ್ತುತ್ತಿದ್ದ, ಭುಜ, ಸೊಂಟ ಇದ್ದಲ್ಲೇ. ಆಮೇಲೆ ಮರದ ಮ್ಯಾನಿಕಿನ್ ತಂದೆ, ಐನೂರೋ ಆರುನೂರೋ ಆಯಿತು. ಭಾರವೇ ಇಲ್ಲದ ಗೊಂಬೆ ಅದು, ಬೆನ್ನು ಬಗ್ಗಲ್ಲ, ಈಗ ಶೋಕೇಸಿನಲ್ಲಿದೆ. ಫೋನಿನಲ್ಲಿ ಟೈಮರ್ ಹಾಕಿ ಫೋಟೋ ತೋರಿಸುವುದನ್ನೂ ಮಾಡಿದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟ್ ಇಲ್ಲ. ಎರಡೂ ಇದ್ದ ದಿನ ಎಲ್ಲರೂ ಫೋಟೋದ ಅಂಚನ್ನೇ ಹಿಡಿದು ಔಟ್‌ಲೈನ್ ಎಳೆಯುತ್ತಾ ಕೂತರು. ಮೂವತ್ತು ಸೆಕೆಂಡ್ ಮುಗಿಯುವಾಗ ಒಂದು ಕಿವಿ ಆಗಿರುತ್ತಿತ್ತು!

ದಾರಿ ಸಿಕ್ಕಿದ್ದು ಪರಿಚಯದವರೊಬ್ಬರ ತೋಟದ ಕಣದಲ್ಲಿ. ರೋಬಸ್ಟಾ ಕಾಫಿ ಒಣಗಿಸುವ ಸಮಯ. ಉದ್ದ ಕೋಲಿಗೆ ಹಲಗೆ ಕಟ್ಟಿ ಕಾಫಿ ಎಳೆಯುತ್ತಾರಲ್ಲ, ಆ ಕೆಲಸವನ್ನು ಹತ್ತು ನಿಮಿಷ ನೋಡಿ. ಎಳೆಯುವವರ ಹಿಂದಿನ ಮೊಣಕಾಲು ಮಡಚುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಮೊಣಕೈ ಪಕ್ಕೆ ದಾಟಿ ಹಿಂದೆ ಹೋಗುತ್ತದೆ, ಕೊನೆಗೆ ಮುಂದಿನ ಪಾದದ ಬೆರಳುಗಳು ಚೂರು ಮೇಲೇಳುತ್ತವೆ. ಐದಾರು ಸೆಕೆಂಡ್ ಬಿಟ್ಟು ಮತ್ತೆ ಅದೇ. ಮಾಡೆಲ್ ಅಲುಗಾಡದೆ ನಿಲ್ಲಬೇಕು ಅನ್ನುವ ಹಟ ಯಾಕೆ? ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರು ಇದ್ದರೆ ಸಾಕು. ಅಂಥವರು ಕೊಡಗಿನಲ್ಲಿ ಎಲ್ಲಿಲ್ಲ ಹೇಳಿ?

ಹಾಗಾಗಿ ನಿಯಮ ಸರಳ ಮಾಡಿದೆ. ಮೊದಲ ಸಲ ಸುಮ್ನೆ ನೋಡಬೇಕು, ಪೇಪರ್ ಮುಟ್ಟುವ ಹಾಗಿಲ್ಲ. ಎರಡನೇ ಸಲ ಕುತ್ತಿಗೆಯ ಗುಳಿಯಿಂದ ಭಾರ ಬಿದ್ದ ಪಾದದವರೆಗೆ ಒಂದೇ ಗೆರೆ. ಮೂರನೇ ಸಲ ಭುಜದ ಓರೆ, ಸೊಂಟದ ಓರೆ. ಕೈಕಾಲು ಆಮೇಲೆ, ಮುಖ ಬೇಡವೇ ಬೇಡ. ರಬ್ಬರ್‌ಗಳನ್ನೆಲ್ಲ ಬಾಗಿಲಲ್ಲೇ ಡಬ್ಬಿಗೆ ಹಾಕಿಸಿಕೊಳ್ಳುತ್ತೇನೆ. ಪೆನ್ಸಿಲ್ ಕೊಟ್ಟರೆ ಮಣಿಕಟ್ಟಿನಿಂದಲೇ ಕೊರೆಯುತ್ತಾರೆ, ಅದಕ್ಕೆ ಒಂದೂವರೆ ಇಂಚಿನ ಚಾರ್‌ಕೋಲ್ (ಇದ್ದಿಲು) ತುಂಡನ್ನು ಅಡ್ಡ ಮಲಗಿಸಿ ಎಳೆಸುತ್ತೇನೆ. ಭುಜ ತಾನಾಗಿ ಕೆಲಸ ಮಾಡುತ್ತದೆ.

ಹಾಕಿ ಮೈದಾನವೂ ಚೆನ್ನಾಗಿ ಒದಗಿತು. ಮ್ಯಾಚ್ ದಿನ ಹೋಗಬೇಡಿ, ಏನೂ ಸಿಗಲ್ಲ. ಪೆನಾಲ್ಟಿ ಕಾರ್ನರ್ ಪ್ರಾಕ್ಟೀಸ್ ಇದ್ದ ದಿನ ಹೋಗಿ. ಚೆಂಡು ತಳ್ಳುವವನು ಅದೇ ಜಾಗದಲ್ಲಿ, ಅದೇ ರೀತಿ ಬಗ್ಗುತ್ತಾನೆ. ತಲೆಯಿಂದ ಹಿಮ್ಮಡಿವರೆಗೆ ಮೈಯೇ ಒಂದು ಬಾಗಿದ ಗೆರೆ.

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದವರಿಗೆ ಗೊತ್ತು, ಕುಣಿಯುವವರ ಮೈ ಕೆಲವೇ ಗೆರೆಗಳಲ್ಲಿ ಹೇಗೆ ಎದ್ದು ಬರುತ್ತದೆ ಅಂತ. ಲಯ ಅರ್ಥವಾಗಲಿ ಅಂತ ಅವರು ಕಥಕ್ ಕಲಿತಿದ್ದರು. ಅದನ್ನು ನೆನೆದು ನಮ್ಮವರ ಕೈಯಲ್ಲೂ ಮೂಟೆ ಎತ್ತಿಸಿದೆ. ಕಾಫಿ ಮೂಟೆ 50 ಕಿಲೋ, ಅಷ್ಟು ಬೇಡ ಅಂತ ಕಾಲು ಭಾಗ ತುಂಬಿಸಿ ಭುಜಕ್ಕೆ ಹೊರಿಸಿದೆ. ಬಲ ಭುಜಕ್ಕೆ ಭಾರ ಬಿದ್ದ ತಕ್ಷಣ ತಲೆ ಎಡಕ್ಕೆ ವಾಲುವುದು ತಮ್ಮ ಕುತ್ತಿಗೆಗೇ ಗೊತ್ತಾದ ಮೇಲೆ ಚಿತ್ರದಲ್ಲಿ ಹೇಳಿಕೊಡುವ ಕೆಲಸವೇ ಉಳಿಯಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ಅದುವರೆಗೆ ಕಡ್ಡಿ ಮನುಷ್ಯ ಬಿಟ್ಟು ಬೇರೆ ಬರೆದವರೇ ಅಲ್ಲ, ಅವತ್ತು ಹೊತ್ತುಕೊಂಡು ನಡೆಯುವವನನ್ನು ಬರೆದಿದ್ದು ನೋಡಿ ನನಗೇ ಹೊಟ್ಟೆಕಿಚ್ಚಾಯಿತು.

ಖರ್ಚಿನ ವಿಷಯ. ದಪ್ಪ ಡ್ರಾಯಿಂಗ್ ಹಾಳೆ, ಕಾರ್ಟ್ರಿಡ್ಜ್ ಶೀಟ್ ಮೇಲೆ ಇದನ್ನೆಲ್ಲ ಮಾಡಿದರೆ ಮುಳುಗಿ ಹೋಗುತ್ತೀರಿ. ನಾನು ಮೈಸೂರಿನಿಂದ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚಾಗುವ ತೆಳು ಕಾಗದ) ತೂಕಕ್ಕೆ ತರುತ್ತೇನೆ, ಕಿಲೋಗೆ ಅರುವತ್ತು, ಎಪ್ಪತ್ತು ರೂಪಾಯಿ ಆಸುಪಾಸು. ಒಂದು ಕಿಲೋಗೆ ಎ3 ಹಾಳೆ ನೂರೈವತ್ತರ ಮೇಲೆ ಬರುತ್ತದೆ, ಅಂದರೆ ಹಾಳೆಗೆ ಐವತ್ತು ಪೈಸೆಗೂ ಕಮ್ಮಿ. ತೊಂದರೆ ಜೂನ್‌ನಿಂದ ಶುರು. ಮೊದಲ ವರ್ಷ ಒಂದು ಕಟ್ಟು ಪೂರ್ತಿ ಶೀತ ಹಿಡಿದು ಚಾರ್‌ಕೋಲ್ ಕೂರದೆ ಹೋಯಿತು, ಬಚ್ಚಲ ಒಲೆಗೆ ಹಾಕಿದೆ. ಈಗ ಬಟ್ಟೆ ಬೀರುವಿಗೆ ಮಾಡುವ ಹಾಗೆ ಪೇಪರಿನ ಬೀರುವಿಗೂ 40 ವ್ಯಾಟ್ ಬಲ್ಬು, ಹಾಳೆಗಳಿಗೆ ತಾಗದ ಹಾಗೆ. ಕರೆಂಟ್ ಬಿಲ್ ಚೂರು ಜಾಸ್ತಿ, ಪರವಾಗಿಲ್ಲ.

ಚಾರ್‌ಕೋಲ್ ಕೂಡ ಮನೆಯಲ್ಲೇ ಸುಡೋಣ ಅಂತ ಹೊರಟೆ. ಹಾಲಿನಪುಡಿ ಡಬ್ಬಿಯಲ್ಲಿ ಸಿಪ್ಪೆ ಸುಲಿದ ಕಡ್ಡಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು, ಹಂಡೆ ಒಲೆಗೆ. ತೂತಿನಲ್ಲಿ ಹೊಗೆ ನಿಲ್ಲುವವರೆಗೆ ಬಿಡಬೇಕು, ಪೂರ್ತಿ ಆರುವ ಮೊದಲು ತೆರೆದರೆ ಬೂದಿಯೇ ಗತಿ. ಕಾಫಿ ಕಪಾತಿನ (ಗಿಡ ಸವರಿದಾಗ ಸಿಗುವ) ಕಡ್ಡಿ ಗಟ್ಟಿಯಾಗಿ ಪೇಪರ್ ಪರಚಿತು. ಹಾಲವಾಣ ಮರದ್ದು ಮುಟ್ಟಿದರೆ ಪುಡಿ. ಮೂರನೆಯದೊಂದು ಚೆನ್ನಾಗಿ ಬಂತು, ಅಂಗಡಿಯದಕ್ಕಿಂತ ಕಪ್ಪು. ಯಾವ ಗಿಡ ಅಂತ ಹೇಳಲ್ಲ. ನಿಮ್ಮ ಬೇಲಿಯಲ್ಲೂ ಇರಬಹುದು, ಹುಡುಕಿ.

ಒಂದು ಸಲ ಎಲ್ಲರನ್ನೂ ದುಬಾರೆ ಆನೆ ಶಿಬಿರಕ್ಕೆ ಕರೆದುಕೊಂಡು ಹೋದೆ, ಆನೆ ಬರೆಯಲಿಕ್ಕೆ. ಜೀಪು, ದೋಣಿ, ಊಟ ಸೇರಿ ಆ ತಿಂಗಳ ಫೀಸಿನಲ್ಲಿ ದೊಡ್ಡ ಪಾಲೇ ಹೋಯಿತು. ಹೊಳೆಯಲ್ಲಿ ಮಲಗಿದ ಆನೆ ಹೊಸಬರಿಗೆ ಬಂಡೆಯೇ. ಆದರೆ ಅದನ್ನು ಉಜ್ಜುತ್ತಿದ್ದ ಮಾವುತರ ಬೆನ್ನು, ತೋಳು ಎಲ್ಲರ ಹಾಳೆಯಲ್ಲೂ ಚೆನ್ನಾಗಿ ಬಂತು. ಅಲ್ಲೂ ಅದೇ ಲೆಕ್ಕ ಅಲ್ವಾ, ಅವರ ಕೈ ಮತ್ತೆ ಮತ್ತೆ ಅದೇ ದಾರಿಯಲ್ಲಿ ಓಡುತ್ತದೆ.

ಅನುಮಾನ ಪಟ್ಟವರ ಬಾಯಿ ಮುಚ್ಚಿದ್ದು ಒಂದೇ ಹಾಳೆ. ಕಣದಲ್ಲಿ ಬರೆದದ್ದನ್ನೆಲ್ಲ ಗೋಡೆಗೆ ಹಚ್ಚಿದ್ದೆ. ತೋಟದ ಯಜಮಾನರು ಬಂದು, ಮುಖವೂ ಇಲ್ಲದ ಏಳೆಂಟು ಗೆರೆಯ ಚಿತ್ರದ ಮುಂದೆ ನಿಂತು, "ಇದು ನಮ್ಮ ರೈಟರ್ ಅಲ್ವಾ!" ಎಂದರು. ರೈಟರ್ ಅಂದರೆ ತೋಟದ ಲೆಕ್ಕಪತ್ರ ನೋಡುವವರು. ಒಂದು ಕೈ ಸೊಂಟದ ಮೇಲೆ, ಭಾರವೆಲ್ಲ ಎಡಗಾಲಿಗೆ, ಹೊಟ್ಟೆ ಮುಂದೆ. ಬರೆದದ್ದು ಏಳನೇ ಕ್ಲಾಸಿನ ಹುಡುಗಿ.

ನೀವೂ ಹೋಗುವುದಾದರೆ ಯಜಮಾನರನ್ನು ಮಾತ್ರ ಕೇಳಿದರೆ ಸಾಲದು, ಕೆಲಸದವರನ್ನೂ ಕೇಳಿ, ಬರೆದದ್ದನ್ನು ಅಲ್ಲೇ ತೋರಿಸಿ, ಕೇಳಿದರೆ ಕೊಟ್ಟುಬಿಡಿ. ರೈಟರ್ ಆ ಹಾಳೆ ತೆಗೆದುಕೊಂಡು ಹೋಗಿದ್ದಾರೆ, ಹೊಟ್ಟೆ ಅಷ್ಟು ಮುಂದೆ ಇಲ್ಲ ಅಂತ ಜಗಳ ಮಾತ್ರ ಇನ್ನೂ ಇದೆ.