ಖಾಲಿ ಮುಷ್ಟಿಯಲ್ಲಿ ನಾಣ್ಯ ಇದೆ ಅಂತ ಮೊದಲು ನೀವು ನಂಬಿ

ಎದುರಿಗೇ ಕೂತವರಿಗೆ ನಾಣ್ಯ, ಇಸ್ಪೀಟ್ ಎಲೆಯ ಜಾದೂ ತೋರಿಸೋರು ಕೈಚಳಕಕ್ಕೆ ಗಂಟೆಗಟ್ಟಲೆ ಕೊಡುತ್ತಾರೆ. ಕಣ್ಣಿಗೆ, ಭುಜಕ್ಕೆ, ಉಸಿರಿಗೆ ಐದು ನಿಮಿಷವೂ ಕೊಡುವುದಿಲ್ಲ. ಆದರೆ ಎರಡಡಿ ದೂರದಲ್ಲಿ ಕೂತವರಿಗೆ ಮೊದಲು ಕಾಣುವುದು ನಿಮ್ಮ ಮುಖ ಅಲ್ವಾ? ಗಡಿಯಾರದ ಕೆಲಸದಿಂದ ಜಾದೂಗೆ ಬಂದ ಫ್ರಾನ್ಸ್‌ನ ರಾಬರ್ಟ್ ಹೂಡಿನ್ 19ನೇ ಶತಮಾನದಲ್ಲೇ ಹೇಳಿದ್ದ, ಜಾದೂಗಾರ ಅಂದರೆ ಜಾದೂಗಾರನ ಪಾತ್ರ ಮಾಡುವ ನಟ ಅಂತ.

ಒಂದು ಮದುವೆ ಮನೆಯಲ್ಲಿ ನಾಣ್ಯವನ್ನು ಎಡಗೈಗೆ ಹಾಕಿದ ಹಾಗೆ ಮಾಡಿ ಮಾಯ ಮಾಡಿದೆ. ಏಳೆಂಟು ವರ್ಷದ ಹುಡುಗಿ ತಕ್ಷಣ ನನ್ನ ಬಲಗೈ ತೋರಿಸಿ, "ಇಲ್ಲೇ ಇದೆ, ನೀವು ಅದನ್ನೇ ನೋಡಿದ್ರಿ ಮಾಮ" ಅಂದಳು. ಕೈ ಸರಿಯಾಗೇ ಕೆಲಸ ಮಾಡಿತ್ತು. ನನ್ನ ಕಣ್ಣು ಗುಟ್ಟು ಬಿಟ್ಟುಕೊಟ್ಟಿತ್ತು.

ಹಾಗಾಗಿ ಇಲ್ಲಿಂದ ಶುರು ಮಾಡಿ. ಹತ್ತು ರೂಪಾಯಿ ನಾಣ್ಯವನ್ನು ಬಲಗೈಯಿಂದ ಎಡಗೈಗೆ ನಿಜವಾಗಿಯೇ ಹಾಕಿ, ಸುಮ್ನೆ ಇಪ್ಪತ್ತು ಸಲ, ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು. ಅದರ ತೂಕ ಎಂಟು ಗ್ರಾಂ ಕೂಡ ಇಲ್ಲ, ಆದರೂ ಅಂಗೈಗೆ ಬಿದ್ದಾಗ ಕೈ ಒಂದು ಚೂರು ಕೆಳಗಿಳಿಯುತ್ತದೆ, ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ಕೆಲಸ ಮುಗಿಸಿದ ಬಲಗೈ ಸಡಿಲವಾಗಿ ಪಕ್ಕಕ್ಕೆ ಬರುತ್ತದೆ. ಈಗ ನಾಣ್ಯವನ್ನು ಬಲಗೈಯಲ್ಲೇ ಉಳಿಸಿಕೊಂಡು ಅದನ್ನೇ ಮಾಡಿ, ಎರಡೂ ವಿಡಿಯೋ ಒಟ್ಟಿಗೆ ಇಟ್ಟು ನೋಡಿ. ಬಲಗೈ ಹೆಬ್ಬೆರಳು ಸೆಟೆದಿದೆಯಾ? ಉಸಿರು ಹಿಡಿದಿದ್ದೀರಾ? ಎಡ ಮುಷ್ಟಿ ಮುಚ್ಚುವಾಗ ನಿಧಾನವಾಗಿ ಉಸಿರು ಬಿಡಿ, ಭುಜ ತಾನಾಗಿ ಇಳಿಯುತ್ತದೆ.

ಭರತನಾಟ್ಯ ಕಲಿತವರಿಗೆ ಗೊತ್ತು: ಕೈ ಹೋದಲ್ಲಿ ಕಣ್ಣು, ಕಣ್ಣು ಹೋದಲ್ಲಿ ಮನಸ್ಸು. ನಮಗೂ ಅದೇ ಪಾಠ, ಆದರೆ ಕಣ್ಣು ಹೋಗಬೇಕಾದ್ದು ಖಾಲಿ ಕೈಗೆ. ಖಾಲಿ ಅಂದೆನಲ್ಲ, ನಿಮ್ಮ ಪಾಲಿಗೆ ಅದು ಖಾಲಿ ಇರಬಾರದು. ನಾಣ್ಯದ ತಂಪು, ಅಂಚಿನ ಗೀರು ಅಂಗೈಗೆ ತಾಗುತ್ತಿದೆ ಅಂತ ಅಂದುಕೊಳ್ಳಿ. ಜನ ನಿಮ್ಮ ಮುಖ ನೋಡಬೇಕಿದ್ದರೆ ನೀವು ತಲೆಯೆತ್ತಿ ಅವರ ಮುಖ ನೋಡಿ, ಅವರೂ ನೋಡುತ್ತಾರೆ.

ಮಾತು ಕಡಿಮೆ ಸಾಕು. "ನೋಡಿ, ನಾಣ್ಯ ಎಡಗೈಗೆ ಹಾಕ್ತಿದ್ದೀನಿ" ಅಂದರೆ ಇಲ್ಲದ ಅನುಮಾನವನ್ನು ನೀವೇ ಹುಟ್ಟಿಸಿದ ಹಾಗೆ. ಮುಷ್ಟಿ ತೆರೆದ ಮೇಲೆ ಬಾಯಿ ಬಿಟ್ಟು ಬೆರಗು ನಟಿಸಬೇಡಿ, ಅದು ಅವರ ಪಾಲಿನದು. ಎರಡು ಸೆಕೆಂಡ್ ಸುಮ್ಮನಿರಿ.

ಊರಲ್ಲಿ ಹವ್ಯಾಸಿ ನಾಟಕ ತಂಡ ಇದ್ದರೆ ಕೆಲವು ತಿಂಗಳು ಹೋಗಿ, ಸಣ್ಣ ಪಾತ್ರವೇ ಆದರೂ ಪರವಾಗಿಲ್ಲ. ಇಲ್ಲದ ಕೊಡ ಹೊರುವುದು, ಇಲ್ಲದ ಬಾಗಿಲು ತಳ್ಳುವುದು ಇಂಥ ಅಭ್ಯಾಸಗಳು ನಮಗೆ ನೇರವಾಗಿ ದಕ್ಕುತ್ತವೆ. ಮನೆಯಲ್ಲಿ ಯಾರಿಗಾದರೂ ಜಾದೂ ತೋರಿಸಿದಾಗ "ಹೇಗಿತ್ತು" ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. "ನಾನು ಎಲ್ಲಿ ನೋಡ್ತಿದ್ದೆ?" ಅಂತ ಕೇಳಿ.