ಚೌಬಾರಾ ಸುತ್ತಿನ ಪೇಟೆಗೆ ನಾವು ಗುರಿ ಬರೆದ ಬಗೆ

ಬೀದರ್ ನಗರಸಭೆಯ ಸದಸ್ಯೆಯಾಗಿ ಮಾಡಿದ ಕೆಲಸಗಳಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಹಳೇ ಪೇಟೆಗೆ ಗುರಿ ಬರೆದ ಕೆಲಸ. ಕೋಟೆಯಿಂದ ತಖ್ತ್-ಎ-ಕಿರ್ಮಾನಿ ಹೆಬ್ಬಾಗಿಲು, ಮಹಮೂದ್ ಗವಾನ್ ಮದರಸಾ ದಾಟಿ ಹಳೇ ಕಾವಲು ಗೋಪುರವಾದ ಚೌಬಾರಾದ ತನಕ ಬರುವ ರಸ್ತೆ ಮತ್ತು ಅದರ ಅಕ್ಕಪಕ್ಕದ ಓಣಿಗಳು ನಮ್ಮ ಪಟ್ಟಿಯಲ್ಲಿದ್ದವು. ಪೇಟೆಗೆ ಮತ್ತೆ ಕಳೆ ಬರಬೇಕು ಅನ್ನುವುದಕ್ಕೆ ಸಭೆಯಲ್ಲಿ ಯಾರದೂ ತಕರಾರಿರಲಿಲ್ಲ. ಆದರೆ ಕಳೆ ಅಂದರೆ ಒಬ್ಬರಿಗೆ ಟೈಲ್ಸ್, ಇನ್ನೊಬ್ಬರಿಗೆ ಹೈಮಾಸ್ಟ್ ದೀಪ, ಮತ್ತೊಬ್ಬರಿಗೆ ದೊಡ್ಡದೊಂದು ಕಮಾನು. ನಾನು ಒಂದೇ ಮಾತು ಹಿಡಿದು ಕೂತೆ: ಗುರಿ ಆಗಿದೆಯೋ ಇಲ್ಲವೋ ಅನ್ನುವುದನ್ನು ರಸ್ತೆಯಲ್ಲಿ ನಿಂತ ಯಾರೇ ಆದರೂ ಕಣ್ಣಾರೆ ನೋಡಿ ಹೇಳುವಂತಿರಬೇಕು. ‘ಸುಂದರೀಕರಣ’ ಅಂತ ಬರೆದರೆ ಯಾರು ಹೇಗೆ ನೋಡಿ ಹೇಳಬೇಕು? ‘ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಕಸ ಎತ್ತಿರಬೇಕು’ ಅಂದರೆ ನೋಡಬಹುದು, ಕೇಳಬಹುದು.

ಅಂದಾಜುಪಟ್ಟಿ ಕೈಗೆತ್ತಿಕೊಳ್ಳುವ ಮೊದಲು ನಡೆದೆವು. ವಾರ್ಡ್ ಸದಸ್ಯರು, ಆರೋಗ್ಯ ನಿರೀಕ್ಷಕರು, ಜೂನಿಯರ್ ಎಂಜಿನಿಯರ್, ಜೆಸ್ಕಾಂ ಲೈನ್‌ಮನ್ ಎಲ್ಲರೂ ಕೂಡಿ ಮುಂಜಾನೆ, ಸಂಜೆ ದೀಪ ಹತ್ತುವ ಹೊತ್ತು, ಅಂಗಡಿ ಮುಚ್ಚಿದ ಮೇಲೆ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ. ಪ್ರವಾಸಿಗರ ಗಾಡಿಗಳು ಕೋಟೆ ನೋಡಿ, 1472ರ ಮದರಸಾದ ಮುಂದೆ ಫೋಟೊ ಹೊಡೆಸಿಕೊಂಡು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದವು. ಚೌಬಾರಾದ ಕಡೆ ನಡೆದು ಬರುವವರು ಕಡಿಮೆ.

ಚೌಬಾರಾದ ಹತ್ತಿರ ಬಿದ್ರಿ ಕೆಲಸದವರ ಅಂಗಡಿಯೊಂದರಲ್ಲಿ ಬಹಳ ಹೊತ್ತು ಕೂತೆವು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೆತ್ತಿ, ಆ ಗೆರೆಯೊಳಗೆ ಕೂದಲೆಳೆಯಂಥ ಬೆಳ್ಳಿ ತಂತಿ ಕೂಡಿಸುತ್ತಿದ್ದರು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಸುಬು ಇದು. ಆ ಹಿರಿಯರಿಗೆ ಬೇಕಾಗಿದ್ದದ್ದು ಅನುದಾನ ಅಲ್ಲ. “ಬಾಗಲಾ ಮುಂದ ಗಾಡಿ ಹಚ್ಚಿ ಹೋಗ್ತಾರ್ರಿ ಬಾಯಿ. ಬೆಳಕು ಬರಂಗಿಲ್ಲ, ಗಿರಾಕಿನೂ ಬರಂಗಿಲ್ಲ” ಅಂದರು. ರಸ್ತೆಯ ಒಂದೇ ಬದಿಗೆ ಬೈಕ್ ನಿಲ್ಲಬೇಕು, ಇನ್ನೊಂದು ಬದಿ ನಡೆಯುವವರಿಗೆ ಬಿಡಬೇಕು ಅನ್ನುವ ಗುರಿ ಹುಟ್ಟಿದ್ದು ಆ ಹೊಸ್ತಿಲ ಮೇಲೆ.

ಬುಟ್ಟಿ ಇಟ್ಟುಕೊಂಡು ಮೆಂತ್ಯ, ಪುಂಡಿಪಲ್ಲೆ ಮಾರುವ ಒಬ್ಬಾಕೆ ಹೇಳಿದ ಮಾತು ಎಲ್ಲಕ್ಕಿಂತ ಮುಂದೆ ಬಂತು. “ಅಕ್ಕೋರೆ, ಮುಂಜಾನಿ ಬಂದಾಕಿ ಸಂಜಿತನಕ ನೀರೇ ಕುಡಿಯಂಗಿಲ್ಲ ನಾ. ಕುಡದ್ರ ಹೋಗಲಿಕ್ಕಿ ಜಾಗಾ ಎಲ್ಲದರಿ?” ಅದನ್ನು ಕೇಳಿದ ಮೇಲೆ ಟೈಲ್ಸ್ ಮಾತು ಎತ್ತುವ ಮನಸ್ಸು ಯಾರಿಗೂ ಆಗಲಿಲ್ಲ. ನೀರು, ದೀಪ, ಒಳಗಿನಿಂದ ಹಾಕುವ ಚಿಲಕ ಇರುವ ಹೆಂಗಸರ ಶೌಚಾಲಯ, ಪೇಟೆ ಮುಚ್ಚುವ ತನಕ ತೆರೆದಿರಬೇಕು. ಮೊದಲ ಗುರಿ ಇದೇ.

ಜಟಾಪಟಿ ನಡೆದದ್ದು ಬೀದಿ ವ್ಯಾಪಾರಿಗಳ ವಿಷಯಕ್ಕೆ. ಅವರನ್ನು ಎಬ್ಬಿಸಿದರೆ ಸಾಕು, ಪೇಟೆ ತಾನೇ ಸುಧಾರಿಸುತ್ತದೆ ಎಂದು ಕೆಲವು ಅಂಗಡಿಯವರು ಪಟ್ಟು ಹಿಡಿದರು. ನಾನು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಸಭೆಯಲ್ಲೇ ಓದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹೆಂಗಸರು ಬುಟ್ಟಿ ಇಟ್ಟು ಕೂತಲ್ಲಿಗೇ ಜನ ಸಂಜೆ ನಡೆದು ಬರುತ್ತಾರೆ, ಬಂದವರು ಅಂಗಡಿಯನ್ನೂ ಹೊಗುತ್ತಾರೆ ಅನ್ನುವುದು ನಾನು ಕಂಡ ಸತ್ಯ. ಕೊನೆಗೆ ‘ಮೊದಲು ಜಾಗಕ್ಕೆ ಗೆರೆ ಎಳೆದು ತೋರಿಸಬೇಕು, ಆಮೇಲೆ ಸ್ಥಳಾಂತರದ ಮಾತು’ ಎಂದು ಬರೆಸಿದೆ.

ಮದರಸಾದ ಸುತ್ತಿನ ಮನೆಯವರದು ಬೇರೆಯೇ ಸಂಕಟ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿ ಕಾಯ್ದೆ ಹೀಗೆ ಹೇಳುತ್ತದೆ. ಆದರೆ ಅನುಮತಿ ಪಡೆದು ಹಳೇ ಮನೆ ದುರಸ್ತಿ ಮಾಡಿಕೊಳ್ಳಲು ಅದೇ ಕಾಯ್ದೆಯಲ್ಲಿ ದಾರಿ ಇದೆ ಎಂಬುದು ಬಹಳ ಜನರಿಗೆ ಗೊತ್ತಿರಲಿಲ್ಲ. ‘ಏನೂ ಮಾಡುವಂತಿಲ್ಲ’ ಎಂದು ಮನೆಗೆ ಬೀಗ ಹಾಕಿ ಹೊಸ ಬಡಾವಣೆಗೆ ಹೋದವರಿದ್ದರು. ವಾರಕ್ಕೊಂದು ದಿನ ಒಬ್ಬ ಎಂಜಿನಿಯರ್ ಕೂತು ಆ ಅರ್ಜಿ, ನಕ್ಷೆ ತಯಾರಿಸಲು ನೆರವಾಗಬೇಕು ಎಂಬುದನ್ನೂ ಪಟ್ಟಿಗೆ ಸೇರಿಸಿದೆವು. ಖರ್ಚು ಅತಿ ಕಡಿಮೆ, ಫಲ ದೊಡ್ಡದು ಎಂದು ನಾನು ಇಂದಿಗೂ ನಂಬಿದ್ದೇನೆ.

ಠರಾವು ಬರೆಯುವಾಗ ಪ್ರತಿ ಗುರಿಯ ಎದುರು ಯಾವ ಹುದ್ದೆಯವರ ಹೊಣೆ, ಯಾವ ಲೆಕ್ಕಶೀರ್ಷಿಕೆಯ ಹಣ, ಯಾವ ತಿಂಗಳೊಳಗೆ ಎಂದು ನಮೂದಿಸಿದೆವು. ಹಣದ ಮೂಲ ತೋರಿಸಲಾಗದ್ದನ್ನು ಬೇರೆ ಹಾಳೆಗೆ ಹಾಕಿದೆವು. ಕಮಾನು ಆ ಹಾಳೆಗೆ ಹೋಯಿತು. ಮೂರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ಮೊದಲ ವಿಷಯ ಈ ಪಟ್ಟಿಯೇ ಆಗಬೇಕೆಂದೂ ಸೇರಿಸಿದೆವು.

ಶೌಚಾಲಯ ತೆರೆಯಿತು, ಅದನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳೂ ಬಂದಳು. ಕಸ ಎತ್ತುವ ಕೆಲಸ ಬೇಗ ಶುರುವಾಗಿ ಅಂಗಡಿ ತೆರೆಯುವ ಮುನ್ನವೇ ಓಣಿ ಸ್ವಚ್ಛವಾಗತೊಡಗಿತು. ಬೈಕ್ ಒಂದೇ ಬದಿಗೆ ನಿಲ್ಲಿಸುವ ಕೆಲಸ ಅರ್ಧಕ್ಕೆ ನಿಂತಿದೆ. ಅದಕ್ಕೆ ಸಂಚಾರ ಪೊಲೀಸರ ಸಹಿ ಬೇಕು, ಗಾಡಿ ನಿಲ್ಲಿಸಲು ಬೇರೆ ಖಾಲಿ ಜಾಗವೂ ಬೇಕು. ಜಾಗ ಹುಡುಕಲು ಅಂಗಡಿಯವರೂ ಬಿದ್ರಿ ಕೆಲಸದವರೂ ಈಗ ಒಟ್ಟಿಗೆ ನಡೆಯುತ್ತಿದ್ದಾರೆ, ನಾನೂ ಅವರ ಜೊತೆಗಿದ್ದೇನೆ.