ಕಡಿಮೆ ಬೆಲೆಯ 1911 ಪಿಸ್ತೂಲು: ನಾನು ಆರಿಸಿದ ರೀತಿ, ಪರೀಕ್ಷಿಸಿದ ರೀತಿ

ಹಳೆಯ ಕಾಲದ ರೂಪದ, ಪೂರ್ತಿ ಉಕ್ಕಿನ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಬೇಕೆಂದರೆ ಅಮೆರಿಕದ ಅಂಗಡಿಗಳಲ್ಲಿ ಮೊದಲು ಕೇಳಿಬರುವ ಹೆಸರು 1911. ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. 1920ರ ದಶಕದಲ್ಲಿ ಟ್ರಿಗರ್ ಗಿಡ್ಡ ಮಾಡಿ, ಹಿಡಿಯ ಹಿಂಭಾಗವನ್ನು ಉಬ್ಬಿಸಿ 1911ಎ1 ಮಾಡಿದರು. 1985ರಲ್ಲಿ ಬೆರೆಟ್ಟಾ ಎಂ9 ಬರುವವರೆಗೂ ಸೇನೆಯ ಪಿಸ್ತೂಲು ಅದೇ. ಪೇಟೆಂಟ್ ಎಂದೋ ಮುಗಿದಿರುವುದರಿಂದ ಇಂದು ಫಿಲಿಪ್ಪೀನ್ಸ್, ಟರ್ಕಿ, ಬ್ರೆಜಿಲ್, ಅಮೆರಿಕ ಎಲ್ಲ ಕಡೆ ಇದರ ಭಾಗಗಳು ತಯಾರಾಗುತ್ತವೆ. 400 ಡಾಲರಿಗೂ ಸಿಗುತ್ತದೆ, 4,000 ಡಾಲರಿಗೂ ಸಿಗುತ್ತದೆ. ಬೆಲೆ ಹತ್ತು ಪಟ್ಟಾದರೆ ಭರವಸೆ ಹತ್ತು ಪಟ್ಟಾಗುವುದಿಲ್ಲ. ಕೈಯಲ್ಲಿ 800 ಡಾಲರ್ ಇದ್ದರೆ ಅಷ್ಟನ್ನೂ ಪಿಸ್ತೂಲಿಗೇ ಸುರಿಯಬಾರದು. ಅರ್ಧದಷ್ಟನ್ನು ಒಳ್ಳೆಯ ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ), ಸ್ಪ್ರಿಂಗ್ ಮತ್ತು ಪರೀಕ್ಷೆಯ ಗುಂಡುಗಳಿಗೆ ಎತ್ತಿಡಬೇಕು. ನಾನು ಕೊಂಡದ್ದು ಈ ಲೆಕ್ಕದ ಮೇಲೆಯೇ.

ಬೆಲೆ ನೋಡುವ ಮೊದಲು ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಚ್-4, ಎಲ್-1, ಎಫ್-1 ಇವೆಲ್ಲ ನಾನ್-ಇಮಿಗ್ರಂಟ್ ವೀಸಾಗಳು. ಈ ವೀಸಾದ ಮೇಲೆ ಇರುವವರು ಬಂದೂಕು ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಆದರೆ ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳುವುದು ಬೇಡ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಡೀಲರ್ ಹತ್ತಿರ ಕೈಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, ನೀವು ವಾಸವಿರುವ ರಾಜ್ಯದಲ್ಲೇ ಕೈಗೆ ತೆಗೆದುಕೊಳ್ಳಬೇಕು, 4473 ಎಂಬ ಫೆಡರಲ್ ನಮೂನೆ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಇಂಟರ್‌ನೆಟ್‌ನಲ್ಲಿ ದುಡ್ಡು ಕಟ್ಟಿದರೂ ಪಿಸ್ತೂಲು ಬರುವುದು ಲೈಸೆನ್ಸ್ ಇರುವ ಡೀಲರ್‌ಗೇ. ಅವರು ಅದಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಡೀಲರ್ ಹೊಸದಾಗಿ ಮಾರುವ ಮಾದರಿ ರಾಜ್ಯದ ಪಟ್ಟಿಯಲ್ಲಿ ಇರಬೇಕು, ಮೇಲೆ 10 ದಿನ ಕಾಯಬೇಕು. ನ್ಯೂಜೆರ್ಸಿಯಲ್ಲಿ ಕೈಪಿಸ್ತೂಲಿಗೆ ಮೊದಲೇ ಪರ್ಮಿಟ್ ಪಡೆಯಬೇಕು. ಟೆಕ್ಸಸ್‌ನಲ್ಲಿ ರಾಜ್ಯದ ಪಟ್ಟಿ, ಕಾಯುವ ದಿನ, ಪರ್ಮಿಟ್ ಯಾವುವೂ ಇಲ್ಲ. ಭಾರತದಲ್ಲಿ ಸಾಮಾನ್ಯ ಲೈಸೆನ್ಸಿನವರಿಗೆ ಸಿಗುವುದು ಹೆಚ್ಚಾಗಿ .32 ಕ್ಯಾಲಿಬರಿನ ಪಿಸ್ತೂಲು, 9 ಎಂಎಂ ನಿಷೇಧಿತ ಬೋರ್ (ಸಾಮಾನ್ಯರಿಗೆ ಲೈಸೆನ್ಸ್ ಸಿಗದ ಅಳತೆ). ಆದ್ದರಿಂದ ಮುಂದಿನ ಮಾತುಗಳೆಲ್ಲ ಅಮೆರಿಕದಲ್ಲಿ ನೆಲೆಸಿದವರಿಗೆ.

ನಾನು ಮೊದಲು ನಿರ್ಧರಿಸಿದ್ದು ಅಳತೆ, ಬ್ರ್ಯಾಂಡ್ ಆಮೇಲೆ. 5 ಇಂಚಿನ ಬ್ಯಾರಲ್, .45 ಎಸಿಪಿ (ಸುಮಾರು 0.45 ಇಂಚು ವ್ಯಾಸದ ಗುಂಡು), ಉಕ್ಕಿನ ಫ್ರೇಮ್ (ಹಿಡಿ ಇರುವ ಕೆಳಭಾಗ). ಬ್ರೌನಿಂಗ್ ಲೆಕ್ಕ ಹಾಕಿದ್ದು ಈ ಉದ್ದಕ್ಕೆ, ಈ ಗುಂಡಿಗೆ. ಬ್ಯಾರಲ್ 3.5 ಇಂಚಿಗೆ ಇಳಿದರೆ ಸ್ಲೈಡಿನ (ಹಾರಿಸಿದಾಗ ಹಿಂದೆ ಮುಂದೆ ಓಡುವ ಮೇಲ್ಭಾಗದ) ತೂಕವೂ ಓಡಾಟವೂ ಕಡಿಮೆಯಾಗುತ್ತವೆ, ಬಿಗಿಯಾದ ಸ್ಪ್ರಿಂಗ್ ಹಾಕಬೇಕಾಗುತ್ತದೆ, ಮ್ಯಾಗಝೀನ್ ಮುಂದಿನ ಗುಂಡನ್ನು ಮೇಲಕ್ಕೆ ತರಲು ಸಮಯ ಸಾಲುವುದಿಲ್ಲ. ಗಿಡ್ಡ 1911ಗಳ ಮೇಲೆ ಕೇಳಿಬರುವ ದೂರುಗಳ ಬೇರು ಇಲ್ಲೇ ಇದೆ. 9 ಎಂಎಂ 1911 ಕೂಡ ಒಳ್ಳೆಯದೇ, ಗುಂಡಿನ ಖರ್ಚು .45ರ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಒದೆತವೂ ಮೃದು. ಆದರೆ 9 ಎಂಎಂ ಗುಂಡು ಗಿಡ್ಡ. ಉದ್ದ ಗುಂಡಿಗೆಂದು ಮಾಡಿದ ಹಿಡಿಯಲ್ಲಿ ಅದನ್ನು ಕೂರಿಸಲು ಮ್ಯಾಗಝೀನಿನೊಳಗೆ ತಡೆ ಕೊಡುತ್ತಾರೆ, ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನು ಹಿಡಿದು ಹೊರಗೆಳೆಯುವ ಕೊಕ್ಕೆ) ಹೊಂದಾಣಿಕೆಯೂ ಸೂಕ್ಷ್ಮವಾಗುತ್ತದೆ. ವಾರವಾರವೂ ರೇಂಜಿಗೆ ಹೋಗುವವರು 9 ಎಂಎಂ ಕೊಳ್ಳಲಿ. ಸಮಸ್ಯೆ ಕಡಿಮೆ ಇರುವ ಮೊದಲ 1911 ಬೇಕೆನ್ನುವವರಿಗೆ ನನ್ನ ಮಾತು .45.

ನಾನು ತೂಗಿ ನೋಡಿದ್ದು ಮೂರು. ಫಿಲಿಪ್ಪೀನ್ಸಿನ ಮರಿಕಿನಾದಲ್ಲಿ ಆರ್ಮ್ಸ್‌ಕೋರ್ ಮಾಡುವ ರಾಕ್ ಐಲ್ಯಾಂಡ್ ಜಿಐ (ಹಳೆಯ ಸೇನಾ ರೂಪದ್ದು), ಎರಕದ ಫ್ರೇಮಿನದು, 500 ಡಾಲರಿನ ಹತ್ತಿರ. ಟರ್ಕಿಯ ಟ್ರಾಬ್‌ಝೋನ್‌ನ ಟಿಸಾಸ್ 1911ಎ1, ಫ್ರೇಮ್ ಮತ್ತು ಸ್ಲೈಡ್ ಎರಡೂ ಫೋರ್ಜ್ ಮಾಡಿದ (ಕಾಯಿಸಿ ಬಡಿದು ರೂಪ ಕೊಟ್ಟ) ಉಕ್ಕು, 400ರಿಂದ 450. ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಮಿಲ್-ಸ್ಪೆಕ್, ಇದೂ ಫೋರ್ಜ್ ಮಾಡಿದ್ದೇ, ಗುರಿಕಣ್ಣುಗಳು ದೊಡ್ಡವು, ಕೇಸ್ ಹೊರಬೀಳುವ ಕಿಂಡಿ ಅಗಲ, 700 ದಾಟುತ್ತದೆ. ಬೆಲೆಗಳು ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಎರಕದ ಫ್ರೇಮ್ ಎಂದು ಮೂಗು ಮುರಿಯುವವರಿದ್ದಾರೆ. .45ರ ಸಾಮಾನ್ಯ ಒತ್ತಡಕ್ಕೆ ಒಳ್ಳೆಯ ಎರಕ ಧಾರಾಳವಾಗಿ ಸಾಕು. ಫ್ರೇಮ್ ಮಾಡಿದ ವಿಧಾನಕ್ಕಿಂತ ಎಕ್ಸ್‌ಟ್ರಾಕ್ಟರ್ ಮತ್ತು ಬ್ಯಾರಲ್ ಕೂರಿಸಿದ ರೀತಿ ಮುಖ್ಯ. ನಾನು ಟಿಸಾಸ್ ಕಡೆ ವಾಲಿದ್ದು ಆ ಬೆಲೆಗೆ ಸಿಗುವ ಲೋಹಕ್ಕಾಗಿ. ಆದರೆ ನಲವತ್ತು ದಾಟಿದ ಕಣ್ಣಿಗೆ ಹಳೆಯ ಜಿಐ ಮಾದರಿಯ ಸಣ್ಣ ಗುರಿಕಣ್ಣು ನಿಜಕ್ಕೂ ಕಷ್ಟ. ಅಂಥವರಿಗೆ ಮಿಲ್-ಸ್ಪೆಕ್‌ಗೆ ಹೆಚ್ಚು ಕೊಡುವ ಹಣ ವ್ಯರ್ಥವಲ್ಲ. ಅಂಗೈ ದಪ್ಪವಿರುವವರು ಇನ್ನೊಂದನ್ನೂ ನೋಡಬೇಕು. ಜಿಐ ಮಾದರಿಯ ಗ್ರಿಪ್ ಸೇಫ್ಟಿಯ (ಹಿಡಿಯ ಹಿಂದೆ ಅಂಗೈ ಒತ್ತಿದಾಗಷ್ಟೇ ಬಿಡುವ ತಡೆ) ಬಾಲ ಗಿಡ್ಡ. ಎತ್ತರಕ್ಕೆ ಹಿಡಿದರೆ ಹ್ಯಾಮರ್ (ಹಿಂಭಾಗದ ಸುತ್ತಿಗೆ) ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚುತ್ತದೆ. ಅಂಗಡಿಯಲ್ಲೇ ಹಿಡಿದು, ಹ್ಯಾಮರ್ ಮೆಲ್ಲನೆ ಹಿಂದೆಳೆದು, ಎಲ್ಲಿ ತಾಗುತ್ತದೆ ನೋಡಿಕೊಳ್ಳಿ.

ಸೀರೀಸ್ 70 ಮೇಲೋ ಸೀರೀಸ್ 80 ಮೇಲೋ ಎಂದು 1911 ಕೊಳ್ಳುವವರು ಮಾಡುವ ವಾದಕ್ಕೆ ಇಷ್ಟು ಸಾಕು: 1983ರಲ್ಲಿ ಕೋಲ್ಟ್ ಕಂಪನಿ ಫೈರಿಂಗ್ ಪಿನ್ನಿಗೆ (ಗುಂಡಿನ ಹಿಂಭಾಗಕ್ಕೆ ಬಡಿಯುವ ಕಡ್ಡಿ) ತಡೆ ಸೇರಿಸಿತು, ಅದು 80. ತಡೆ ಇಲ್ಲದ್ದನ್ನು ಜನ 70 ಎನ್ನುತ್ತಾರೆ. ತಡೆ ಇಲ್ಲದ ಪಿಸ್ತೂಲು ಮೂತಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ ಪಿನ್ ಜಡತ್ವದಿಂದಲೇ ಮುಂದೆ ಹಾರುವ ಸಾಧ್ಯತೆ ಇದೆ. ಸ್ಪ್ರಿಂಗ್‌ಫೀಲ್ಡ್ ಇದಕ್ಕೆ ಹಗುರ ಟೈಟೇನಿಯಂ ಪಿನ್ ಮತ್ತು ಬಿಗಿ ಸ್ಪ್ರಿಂಗ್ ಕೊಡುತ್ತದೆ. 70ರ ಬಗೆಯದನ್ನು ಕೊಂಡವರು ಫೈರಿಂಗ್ ಪಿನ್ ಸ್ಪ್ರಿಂಗನ್ನು ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವುದು) ಜೊತೆಗೇ ಹೊಸದು ಮಾಡುತ್ತಿರಬೇಕು. ಕೆಲವೇ ಡಾಲರಿನ ಮಾತು.

ಇನ್ನು ಕೌಂಟರಿನ ಮುಂದೆ ಮಾಡುವ ಪರೀಕ್ಷೆ. ಹೊಸದಾದರೂ ಮಾಡಿ, ಹಳೆಯದಾದರಂತೂ ಬಿಡಬೇಡಿ. ಮ್ಯಾಗಝೀನ್ ತೆಗೆದು, ಸ್ಲೈಡ್ ಎಳೆದು, ಛೇಂಬರಿನಲ್ಲಿ (ಬ್ಯಾರಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಗುಂಡಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು, ಡ್ರೈ ಫೈರ್ ಮಾಡಲು (ಗುಂಡಿಲ್ಲದೆ ಟ್ರಿಗರ್ ಎಳೆಯಲು) ಅಂಗಡಿಯವರ ಅನುಮತಿ ಕೇಳಿ, ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಇಟ್ಟುಕೊಂಡೇ ಶುರು ಮಾಡಿ. ಖಾಲಿ ಛೇಂಬರಿನ ಮೇಲೆ ಸ್ಲೈಡನ್ನು ಫಟ್ಟೆಂದು ಬಿಡಬಾರದು, ಕೈಯಿಂದ ಇಳಿಸಬೇಕು. ಇಲ್ಲದಿದ್ದರೆ ಹ್ಯಾಮರ್ ಮತ್ತು ಸಿಯರ್ (ಹ್ಯಾಮರನ್ನು ಹಿಡಿದು ನಿಲ್ಲಿಸುವ ತುಂಡು) ಕೂಡುವ ಅಂಚು ಪೆಟ್ಟು ತಿನ್ನುತ್ತದೆ.

ಹ್ಯಾಮರ್ ಎಳೆದು ನಿಲ್ಲಿಸಿ, ಥಂಬ್ ಸೇಫ್ಟಿ (ಹೆಬ್ಬೆರಳಿನಿಂದ ಹಾಕುವ ತಡೆ) ಹಾಕಿ, ಹಿಡಿಯನ್ನು ಪೂರ್ತಿ ಒತ್ತಿ ಟ್ರಿಗರನ್ನು ಜೋರಾಗಿ ಎಳೆಯಿರಿ. ಹ್ಯಾಮರ್ ಬೀಳಬಾರದು. ಈಗ ಟ್ರಿಗರ್ ಬಿಟ್ಟು, ಸೇಫ್ಟಿ ತೆಗೆದು, ಹ್ಯಾಮರನ್ನು ಹೆಬ್ಬೆರಳಿನಿಂದ ಸ್ವಲ್ಪವೇ ಹಿಂದಕ್ಕೆ ತನ್ನಿ, ಗಮನವಿಟ್ಟು ಕೇಳಿ. ಸಣ್ಣ ‘ಟಿಕ್’ ಕೇಳಿಸಿದರೆ ಸೇಫ್ಟಿ ಹಾಕಿದ್ದಾಗಲೂ ಸಿಯರ್ ಜರುಗಿದೆ ಎಂದರ್ಥ, ಅಂದರೆ ಸೇಫ್ಟಿ ಸರಿಯಾಗಿ ಕೂತಿಲ್ಲ. ಆ ಪಿಸ್ತೂಲು ವಾಪಸ್. ನಂತರ ಗ್ರಿಪ್ ಸೇಫ್ಟಿಗೆ ಅಂಗೈ ತಾಗದಂತೆ ಹಿಡಿದು ಟ್ರಿಗರ್ ಎಳೆಯಿರಿ, ಆಗಲೂ ಬೀಳಬಾರದು. ಡಿಸ್ಕನೆಕ್ಟರ್ (ಸ್ಲೈಡ್ ಪೂರ್ತಿ ಮುಚ್ಚದೆ ಹ್ಯಾಮರ್ ಬೀಳದಂತೆ ತಡೆಯುವ ತುಂಡು) ನೋಡಲು ಸ್ಲೈಡನ್ನು ಕಾಲು ಇಂಚಿನಷ್ಟು ಹಿಂದಿಟ್ಟು ಟ್ರಿಗರ್ ಎಳೆಯಿರಿ. ಬೀಳಬಾರದು. ಟ್ರಿಗರ್ ಬಿಡದೆಯೇ ಸ್ಲೈಡನ್ನು ಮುಂದೆ ಬಿಟ್ಟರೂ ಬೀಳಬಾರದು. ಟ್ರಿಗರ್ ಬಿಟ್ಟು ಮತ್ತೆ ಎಳೆದಾಗ ಮಾತ್ರ ಬೀಳಬೇಕು. ಟ್ರಿಗರಿನ ಭಾರ 5ರಿಂದ 6.5 ಪೌಂಡ್ ಇದ್ದರೆ ಈ ಬೆಲೆಗೆ ಸರಿ. ಹಳೆಯ ಪಿಸ್ತೂಲಿನಲ್ಲಿ 3 ಪೌಂಡಿಗೂ ಕಡಿಮೆ ಎನಿಸಿದರೆ ಖುಷಿ ಪಡಬೇಡಿ, ಯಾರೋ ಮನೆಯಲ್ಲಿ ಸಿಯರ್ ಉಜ್ಜಿರಬಹುದು. ಅದು ಗನ್‌ಸ್ಮಿತ್ (ಬಂದೂಕು ರಿಪೇರಿಗಾರ) ಮಾಡುವ ಕೆಲಸ.

ಸ್ಲೈಡ್ ಮುಚ್ಚಿದ ಸ್ಥಿತಿಯಲ್ಲಿ, ಕಿಂಡಿಯಲ್ಲಿ ಕಾಣುವ ಬ್ಯಾರಲಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಕೆಳಗೆ ಕುಗ್ಗಿ ಮೇಲೆ ಏಳುತ್ತಿದ್ದರೆ ಬ್ಯಾರಲ್ ಸರಿಯಾಗಿ ಲಾಕ್ ಆಗುತ್ತಿಲ್ಲ, ಗುರಿ ಚದುರುತ್ತದೆ. ಸ್ಲೈಡ್ ಮತ್ತು ಫ್ರೇಮ್ ನಡುವೆ ಸ್ವಲ್ಪ ಅಲುಗಾಟ ಇದ್ದರೆ ಇರಲಿ. ಸೇನೆಯ ಪಿಸ್ತೂಲುಗಳು ಹಾಗೆಯೇ ಇದ್ದವು, ಮಣ್ಣು ಮಸಿಯಲ್ಲೂ ಓಡಿದವು. ಎಡಮಗ್ಗುಲಿನಲ್ಲಿ ಗ್ರಿಪ್ಪಿನ ಮೇಲೆ ಕಾಣುವ ಪ್ಲಂಜರ್ ಟ್ಯೂಬನ್ನು ಉಗುರಿನಿಂದ ಅಲುಗಾಡಿಸಿ ನೋಡಿ. ಅದು ಫ್ರೇಮಿಗೆ ರಿವೆಟಿನಂತೆ ಕೂತಿರುತ್ತದೆ. ಸಡಿಲವಾದರೆ ಥಂಬ್ ಸೇಫ್ಟಿ ಸಿಕ್ಕಿಕೊಂಡು ಬಿಡಿಸಲಾಗದ ಸ್ಥಿತಿ ಬರುತ್ತದೆ. ಹಳೆಯ ಪಿಸ್ತೂಲು ಕೊಳ್ಳುವವರಲ್ಲಿ ಇದನ್ನು ನೋಡುವವರು ಕಡಿಮೆ.

ಸ್ಲೈಡ್ ಬಿಚ್ಚಲು ಬಿಟ್ಟರೆ ಇನ್ನೆರಡು ನೋಡಿ. ಒಂದು, ಬ್ಯಾರಲನ್ನು ಫ್ರೇಮಿನಲ್ಲಿ ಮಲಗಿಸಿ ಹಿಂದಕ್ಕೂ ಕೆಳಕ್ಕೂ ಒತ್ತಿದಾಗ ಫ್ರೇಮಿನ ಇಳಿಜಾರಿಗೂ (ಗುಂಡು ಛೇಂಬರಿಗೆ ಹತ್ತುವ ದಾರಿ) ಬ್ಯಾರಲಿನ ಕೆಳತುಟಿಗೂ ನಡುವೆ 1/32 ಇಂಚು, ಅಂದರೆ 0.8 ಮಿಲಿಮೀಟರಿನಷ್ಟು ಸಂದು ಇರಬೇಕು. ತುಟಿ ಇಳಿಜಾರಿನ ಮೇಲೆ ಚಾಚಿಕೊಂಡಿದ್ದರೆ ಗುಂಡಿನ ಮೂತಿ ಅಲ್ಲೇ ತಡೆಯುತ್ತದೆ. ಇಳಿಜಾರನ್ನು ಎಷ್ಟು ಪಾಲಿಶ್ ಮಾಡಿದರೂ ಇದು ಹೋಗುವುದಿಲ್ಲ, ಡ್ರೆಮೆಲ್ (ಕೈಯಲ್ಲಿ ಹಿಡಿಯುವ ಸಣ್ಣ ಉಜ್ಜುವ ಯಂತ್ರ) ಹಿಡಿದರಂತೂ ಫ್ರೇಮೇ ಹಾಳು.

ಎರಡು, ಎಕ್ಸ್‌ಟ್ರಾಕ್ಟರ್. 1911ರಲ್ಲಿ ಇದು ಸ್ಲೈಡಿನೊಳಗೆ ಉದ್ದಕ್ಕೂ ಕೂತ ಒಂದೇ ಉಕ್ಕಿನ ಕಡ್ಡಿ, ತಾನೇ ಸ್ಪ್ರಿಂಗ್. ಅದರ ಬಾಗು ಎಷ್ಟೋ ಬಿಗಿತವೂ ಅಷ್ಟೇ. ಬಿಚ್ಚಿದ ಸ್ಲೈಡಿನಲ್ಲಿ ಡಮ್ಮಿ ಗುಂಡಿನ ಅಂಚನ್ನು ಕೆಳಗಿನಿಂದ ಎಕ್ಸ್‌ಟ್ರಾಕ್ಟರಿನ ಕೊಕ್ಕೆಗೆ ಸೇರಿಸಿ ಸ್ಲೈಡನ್ನು ಮೆಲ್ಲನೆ ಅಲ್ಲಾಡಿಸಿ. ಗುಂಡು ನಿಲ್ಲಬೇಕು. ಜೋರಾಗಿ ಅಲ್ಲಾಡಿಸಿದರೆ ಬಿದ್ದರೂ ಅಡ್ಡಿಯಿಲ್ಲ. ತಾನಾಗಿ ಜಾರಿದರೆ ಬಿಗಿತ ಸಾಲದು: ಖಾಲಿ ಕೇಸ್‌ಗಳು ದಿಕ್ಕಾಪಾಲಾಗಿ ಹಾರುತ್ತವೆ, ಮುಖಕ್ಕೂ ಬಡಿಯುತ್ತವೆ, ಇಲ್ಲವೇ ಕಿಂಡಿಯಲ್ಲಿ ನೆಟ್ಟಗೆ ನಿಲ್ಲುತ್ತವೆ. ಬೆರಳಿನಿಂದ ನೂಕಿದರೂ ಒಳಗೆ ಹೋಗದಷ್ಟು ಬಿಗಿಯಿದ್ದರೆ ಸ್ಲೈಡ್ ಕೊನೆಯ 3 ಮಿಲಿಮೀಟರ್ ಮುಚ್ಚದೆ ನಿಂತುಬಿಡುತ್ತದೆ. ಬಿಗಿತ ಸರಿಪಡಿಸುವುದು ಗನ್‌ಸ್ಮಿತ್‌ಗೆ ಐದು ನಿಮಿಷದ ಕೆಲಸ. ಅದಕ್ಕಾಗಿ ಒಳ್ಳೆಯ ಪಿಸ್ತೂಲನ್ನು ಬಿಟ್ಟುಬಿಡಬೇಕಾಗಿಲ್ಲ. ಅದನ್ನು ಉಳಿಸಿಕೊಳ್ಳಲು ಒಂದೇ ಶಿಸ್ತು ಬೇಕು: ಛೇಂಬರಿಗೆ ಕೈಯಿಂದ ಗುಂಡು ಹಾಕಿ ಸ್ಲೈಡ್ ಬಿಡಬೇಡಿ, ಯಾವಾಗಲೂ ಮ್ಯಾಗಝೀನಿನಿಂದಲೇ ತುಂಬಿ. ಗುಂಡಿನ ಅಂಚು ಕೆಳಗಿನಿಂದ ಜಾರಿ ಕೊಕ್ಕೆಗೆ ಸೇರುವಂತೆ ಈ ವಿನ್ಯಾಸ ಇದೆ, ಮುಂದಿನಿಂದ ಹತ್ತಿಸಿದರೆ ಕೊಕ್ಕೆ ಮುರಿಯಬಹುದು.

ಮ್ಯಾಗಝೀನ್ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಪಿಸ್ತೂಲಿನ ಜೊತೆ ಬರುವುದು ಸಾಮಾನ್ಯವಾಗಿ ಒಂದು ಅಥವಾ ಎರಡು. ಇಟಲಿಯ ಮೆಕ್-ಗಾರ್, ಅಮೆರಿಕದ ಚೆಕ್-ಮೇಟ್, ವಿಲ್ಸನ್ ಕಾಂಬ್ಯಾಟ್ 47 ಸರಣಿ, ಇವುಗಳಲ್ಲಿ ಯಾವುದಾದರೂ ಮೂರು ಕೊಂಡು, ತಳಕ್ಕೆ 1, 2, 3 ಎಂದು ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಗುಂಡು ಸಿಕ್ಕಿದಾಗಲೆಲ್ಲ ಯಾವ ನಂಬರಿನಲ್ಲಿ ಎಂದು ಗುರುತು ಹಾಕಿ. ತೊಂದರೆ ಒಂದೇ ನಂಬರಿನಲ್ಲಿ ಬಂದರೆ ತಪ್ಪು ಮ್ಯಾಗಝೀನಿನದು. ಮೂರರಲ್ಲೂ ಬಂದರೆ ಪಿಸ್ತೂಲಿನದು. 1911ರ ದೋಷ ಹುಡುಕಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಸಿಕ್ಕಿಲ್ಲ. ಮೊದಲ ಮ್ಯಾಗಝೀನುಗಳು 7 ಗುಂಡಿನವೇ ಇರಲಿ. ಹಳೆಯ ಉದ್ದದ ಡಬ್ಬಿಯಲ್ಲೇ 8 ತುರುಕಿದ ಅಗ್ಗದ ಮ್ಯಾಗಝೀನುಗಳಲ್ಲಿ ಸ್ಪ್ರಿಂಗಿಗೆ ಜಾಗ ಸಾಲದೆ ಅದು ಬೇಗ ಸೋಲುತ್ತದೆ. ಆಗ ಗುಂಡಿನ ಮೂತಿ ಕೆಳಗೆ ಬಾಗಿ ಫ್ರೇಮಿಗೆ ಗುದ್ದುತ್ತದೆ. ಫಾಲೋವರ್ (ಮ್ಯಾಗಝೀನಿನೊಳಗೆ ಗುಂಡನ್ನು ಮೇಲಕ್ಕೆ ಒತ್ತುವ ತಟ್ಟೆ) ಮೇಲೆ ಸಣ್ಣ ಗುಬ್ಬಿ ಇದೆಯೇ ನೋಡಿ. ಕೊನೆಯ ಗುಂಡು ಒದೆತಕ್ಕೆ ಮುಂದೆ ಜಾರಿ ಎಕ್ಸ್‌ಟ್ರಾಕ್ಟರ್ ತಪ್ಪಿಸಿಕೊಳ್ಳದಂತೆ ತಡೆಯುವುದು ಅದೇ.

ಮನೆಗೆ ತಂದ ಮೇಲೆ ಮೊದಲ ಕೆಲಸ ತೊಳೆಯುವುದು. ಕಾರ್ಖಾನೆಯಿಂದ ಬಳಿದು ಕಳಿಸುವ ಜಿಡ್ಡು ತುಕ್ಕು ತಡೆಯಲು, ಓಡಿಸಲು ಅಲ್ಲ. ರಿಕಾಯಿಲ್ ಸ್ಪ್ರಿಂಗಿನ ಪ್ಲಗ್ ಒತ್ತಿ ಬುಶಿಂಗ್ (ಬ್ಯಾರಲಿನ ಮುಂತುದಿಯನ್ನು ಹಿಡಿಯುವ ಬಳೆ) ತಿರುಗಿಸುವಾಗ ಪ್ಲಗ್ ಮೇಲೆ ಹೆಬ್ಬೆರಳು ಇಟ್ಟೇ ಇರಿ, ಕನ್ನಡಕ ಹಾಕಿಕೊಳ್ಳಿ. ಬೆರಳು ಜಾರಿದರೆ ಅದು ಕೋಣೆ ದಾಟಿ ಹಾರುತ್ತದೆ. ಎಣ್ಣೆ ಹಾಕಬೇಕಾದ ಜಾಗಗಳು ಸ್ಲೈಡಿನ ಹಳಿ, ಬ್ಯಾರಲಿನ ಹೊರಮೈ ಮತ್ತು ಲಾಕ್ ಆಗುವ ಹಲ್ಲುಗಳು, ಬುಶಿಂಗ್ ಒಳಭಾಗ, ಡಿಸ್ಕನೆಕ್ಟರಿನ ತಲೆ. ಉಕ್ಕಿನ 1911ಕ್ಕೆ ಎಣ್ಣೆ ಸ್ವಲ್ಪ ಹೆಚ್ಚೇ ಬೇಕು. ಮತ್ತೆ ಜೋಡಿಸುವಾಗ ಸ್ಲೈಡ್ ಸ್ಟಾಪನ್ನು (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸನ್ನೆ) ಫ್ರೇಮಿನ ಮೇಲೆ ಕಮಾನಿನಂತೆ ಎಳೆದರೆ ಆಳವಾದ ಗೀರು ಬೀಳುತ್ತದೆ, ಅದು ಹೋಗುವುದಿಲ್ಲ. ಪ್ಲಂಜರನ್ನು ತೆಳು ಚಾಕುವಿನಿಂದ ಒಳಕ್ಕೆ ಒತ್ತಿ ಹಿಡಿದು ಸ್ಟಾಪನ್ನು ನೇರವಾಗಿ ಒಳಗೆ ತಳ್ಳಿ.

ರೇಂಜಿನಲ್ಲಿ ಪರೀಕ್ಷೆಗೆ 230 ಗ್ರೇನಿನ (ಗ್ರೇನ್ ಗುಂಡಿನ ತೂಕದ ಅಳತೆ) ದುಂಡುಮೂತಿ ಗುಂಡು, 200ಕ್ಕೆ ಕಡಿಮೆಯಿಲ್ಲದಂತೆ. ಮೊದಲ 50ರಲ್ಲಿ ಒಂದೆರಡು ಬಾರಿ ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಮನ್ನಿಸಬಹುದು, ಹೊಸ ಲೇಪನ ಸವೆಯುತ್ತಿರುತ್ತದೆ. ಆಮೇಲಿನ 150ರಲ್ಲಿ ಒಂದೂ ತಡೆಯಬಾರದು. ಪ್ರತಿ ಮ್ಯಾಗಝೀನಿಗೂ ಒಂದೇ ಗುಂಡು ಹಾಕಿ ಹಾರಿಸಿ, ಸ್ಲೈಡ್ ಹಿಂದೆ ನಿಲ್ಲುತ್ತದೆಯೇ ನೋಡಿ. ಮನೆಯ ರಕ್ಷಣೆಗೆ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ ಗುಂಡು) ಇಡುವುದಾದರೆ ಅದೇ ಬ್ರ್ಯಾಂಡಿನ ಇನ್ನೂ 50 ಹಾರಿಸಲೇಬೇಕು. ಅಗಲ ಬಾಯಿಯ ಗುಂಡು ದುಂಡುಮೂತಿಯಷ್ಟು ಸುಲಭವಾಗಿ ಇಳಿಜಾರು ಹತ್ತುವುದಿಲ್ಲ. ಹಾರಿಸುತ್ತಿರುವಾಗ ಗುಂಡು ಬಾಕಿಯಿದ್ದೂ ಸ್ಲೈಡ್ ಹಿಂದೆ ಲಾಕ್ ಆಗುತ್ತಿದ್ದರೆ ಪಿಸ್ತೂಲನ್ನು ದೂರುವ ಮೊದಲು ನಿಮ್ಮ ಹೆಬ್ಬೆರಳು ಸ್ಲೈಡ್ ಸ್ಟಾಪಿಗೆ ತಾಗುತ್ತಿದೆಯೇ ನೋಡಿ, ಹೆಚ್ಚಾಗಿ ಅದೇ ಕಾರಣ. ಟ್ರಿಗರ್ ಎಳೆದರೂ ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಆಮೇಲೆ ಸ್ಲೈಡ್ ಎಳೆಯಿರಿ. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ತಕ್ಷಣ ನಿಲ್ಲಿಸಿ. ಪಿಸ್ತೂಲು ಖಾಲಿ ಮಾಡಿ ಬ್ಯಾರಲಿನಲ್ಲಿ ಗುಂಡು ಸಿಕ್ಕಿಕೊಂಡಿದೆಯೇ ನೋಡದೆ ಮುಂದಿನದನ್ನು ಹಾರಿಸಬಾರದು.

5 ಇಂಚಿನ .45ಕ್ಕೆ ರಿಕಾಯಿಲ್ ಸ್ಪ್ರಿಂಗ್ 16 ಪೌಂಡಿನದು. ಒದೆತ ಕಡಿಮೆಯಾಗಲೆಂದು 20 ಪೌಂಡಿನದನ್ನು ಹಾಕುವವರಿದ್ದಾರೆ. ಅದರಿಂದ ಸ್ಲೈಡ್ ಮುಂದೆ ಬರುವ ವೇಗ ಹೆಚ್ಚಿ ಮ್ಯಾಗಝೀನ್ ಹಿಂದೆ ಬೀಳುತ್ತದೆ, ಇಲ್ಲದ ತೊಂದರೆ ಶುರುವಾಗುತ್ತದೆ. 2,000ದಿಂದ 3,000 ಗುಂಡಿಗೊಮ್ಮೆ 16ರದನ್ನೇ ಹೊಸದಾಗಿ ಹಾಕಿ. ಮ್ಯಾಗಝೀನ್ ಸ್ಪ್ರಿಂಗ್ ಬದಲಿಸುವ ಕಾಲ ತಾನಾಗಿ ಗೊತ್ತಾಗುತ್ತದೆ: ಕೊನೆಯ ಗುಂಡಾದ ಮೇಲೆ ಸ್ಲೈಡ್ ನಿಲ್ಲದೆ ಮುಚ್ಚಿಕೊಳ್ಳತೊಡಗಿದರೆ ಮೊದಲು ಅದನ್ನೇ ಬದಲಿಸಿ, ಬೇರೆ ಯಾವ ಭಾಗಕ್ಕೂ ಕೈ ಹಾಕಬೇಡಿ.